ಹದಿನಾಲ್ಕನೇ ನಂಬರಿನ ತೂಕ

“ತಲೆ ತಗ್ಸೇ ಲೌಡಿ, ತುರುಬು ಕಾಣ್ತಿದೆ,” ಎಂದು ಮ್ಯಾನೇಜರ್ ಮುಚ್ಚಳದಕ್ಕನ ನೆತ್ತಿಯ ಮೇಲೆ ಅಂಗೈಯಿಟ್ಟು ಅದುಮಿದ.

ಖಾಲಿ ಡಬ್ಬಗಳು ತುಂಬಿಕೊಂಡು ಬರುವ ಎದೆಯೆತ್ತರದ ರಟ್ಟಿನ ಪೆಟ್ಟಿಗೆ ಅದು. ಡಬ್ಬಗಳಿಗೆ ಮುಚ್ಚಳ ಒತ್ತುವ ಅವಳು ಅದರೊಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಬೆನ್ನಿಗೆ ಬೆನ್ನು ತಾಗಿಸಿ ಲೋಡಿಂಗ್ ಕೆಲಸದ ಹುಡುಗ ಕಡ್ಡಿ ಕೂತಿದ್ದ. ಗೋಡೆಯ ಉದ್ದಕ್ಕೂ ಅಂಥವೇ ಹತ್ತು ಪೆಟ್ಟಿಗೆ, ಇಪ್ಪತ್ತು ಜನ. ಹೊರಗೆ ಓಡಿಸೋಣವೆಂದರೆ ತಪಾಸಣೆಯ ಅಧಿಕಾರಿಯ ಜೀಪು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಗೇಟಿಗೆ ಬಂದು ನಿಂತಿತ್ತು.

“ಒಂದು ಪೆಟ್ಟಿಗೆಗೆ ಇಬ್ಬಿಬ್ರು. ನಿಮ್ಮಂಥ ಮುಂಡೇವು ಮೂರೂ ಹಿಡೀತವೆ, ಮೈಯಲ್ಲಿ ಏನಿದೆ ಮಣ್ಣು,” ಎಂದ ಮ್ಯಾನೇಜರ್. “ಕೆಮ್ಮಿದೋರು, ಸೀನಿದೋರು ನಾಳೆಯಿಂದ ಗೇಟಿನ ಆಚೆ. ತೆಪ್ಪಗಿದ್ರೆ ಎಲ್ಲರನ್ನೂ ಕಾಯಂ ಮಾಡಿಸ್ತೀನಿ.”

ಕಾಯಂ. ಹನ್ನೊಂದು ವರ್ಷದಿಂದ ಮುಚ್ಚಳದಕ್ಕ ಕಾಯುತ್ತಿದ್ದ ಮಾತು. ಮ್ಯಾನೇಜರ್ ರಟ್ಟಿನ ರೆಕ್ಕೆಗಳನ್ನು ಮಡಿಚಿ ಮುಚ್ಚಿದ.

ಇಷ್ಟಕ್ಕೆಲ್ಲ ಕಾರಣ ಆ ಮಹಾಶಯನ ಸ್ವಂತ ಜಾಣತನ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಬಲದ ಪುಡಿ. ಡಬ್ಬದ ಮೇಲೆ ಕೆನ್ನೆ ಊದಿದ ಒಂದು ಮಗು, ಅದರ ಪಕ್ಕ ‘ಒಂದು ಚಮಚ ಎರಡು ಲೋಟ ಹಾಲಿಗೆ ಸಮ’ ಎಂಬ ಬರಹ. ಯಾರೋ ಗಿರಾಕಿ ವರ್ಷವಿಡೀ ಕೊಟ್ಟರೂ ತನ್ನ ಮಗ ಇದ್ದ ಹಾಗೇ ಇದ್ದಾನೆಂದು ದೂರು ಕೊಟ್ಟ. ಸುಳ್ಳು ಜಾಹೀರಾತಿನಿಂದ ಗ್ರಾಹಕರಿಗೆ ಮೋಸ ಮಾಡುವುದು ಕಾನೂನಿಗೆ ವಿರುದ್ಧ, ಬರೆದದ್ದಕ್ಕೆ ಪುರಾವೆ ಕೊಡಿ ಎಂದು ಸರ್ಕಾರದ ನೋಟಿಸು ಬಂತು. ಪುರಾವೆ ಯಾವ ಅಂಗಡಿಯಲ್ಲಿ ಸಿಗುತ್ತದೆ? ಮೂರು ದಿನ ತಲೆ ಕೆರೆದುಕೊಂಡ ಮೇಲೆ ಮ್ಯಾನೇಜರನಿಗೆ ನೆಲದ ಪುಡಿ ನೆನಪಾಯಿತು.

ಡಬ್ಬ ತುಂಬುವಾಗ ಚೆಲ್ಲಿದ್ದನ್ನು ಸಂಜೆ ಗುಡಿಸಿ, ಜರಡಿ ಹಿಡಿದು, ಕೆಲಸದವರಿಗೆ ತಲಾ ಒಂದು ಹಿಡಿ ಕೊಡುವುದು ಅಲ್ಲಿನ ಪದ್ಧತಿ. ಹೊರಗೆ ಮಾರಿಕೊಂಡಾರೆಂದು ಗೇಟಿನಲ್ಲೇ ನಿಲ್ಲಿಸಿ ತಿನ್ನಿಸಿ, ಪುಸ್ತಕದಲ್ಲಿ ಅವರವರ ನಂಬರಿನ ಮುಂದೆ ಸಹಿ ಹಾಕಿಸುತ್ತಿದ್ದರು. ಮಕ್ಕಳಿದ್ದವರಿಗೆ ಮನೆಗೆ ಒಯ್ಯಲು ಇನ್ನೊಂದು ಹಿಡಿ, ಇನ್ನೊಂದು ಸಹಿ. ಪುಸ್ತಕದಲ್ಲಿ ಹೆಸರಿಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಮ್ಯಾನೇಜರ್ ಅದನ್ನೇ ಪುರಾವೆಯೆಂದು ಕಳಿಸಿ, ನಮ್ಮ ಇಪ್ಪತ್ತು ನೌಕರರೂ ಅವರ ಮಕ್ಕಳೂ ವರ್ಷಗಳಿಂದ ಇದನ್ನೇ ಸೇವಿಸುತ್ತಿದ್ದಾರೆ ಎಂದು ಬರೆದ. ಕಾರ್ಖಾನೆಯ ಕಚೇರಿಯಿಂದ ಅಷ್ಟು ಅಪ್ಪಟ ಸತ್ಯ ಹಿಂದೆಂದೂ ಹೊರಬಿದ್ದಿರಲಿಲ್ಲ. ಬಹಳ ಸಂತೋಷ, ಆ ಇಪ್ಪತ್ತು ಜನರನ್ನು ಕಣ್ಣಾರೆ ನೋಡಲು ಬರುತ್ತೇವೆ ಎಂದು ಉತ್ತರ ಬಂತು.

ಆವತ್ತೇ ಮೊದಲು, ಮ್ಯಾನೇಜರ್ ತನ್ನ ಕೆಲಸದವರನ್ನು ಕಣ್ಣುಬಿಟ್ಟು ನೋಡಿದ್ದು. ಇಪ್ಪತ್ತೂ ಮೂಳೆ ಚಕ್ಕಳ. ಓಡಿಹೋಗಿ ಊರಿನ ಜಿಮ್ಮುಗಳಿಂದ ಇಪ್ಪತ್ತು ಪೈಲ್ವಾನರನ್ನು ದಿನದ ಲೆಕ್ಕಕ್ಕೆ ಹಿಡಿದು ತಂದ.

ಪೆಟ್ಟಿಗೆಗೆ ಕೈಹಿಡಿಯಲು ಮಾಡಿದ ತೂತಿತ್ತು. ಮುಚ್ಚಳದಕ್ಕ ಅದಕ್ಕೆ ಕಣ್ಣಿಟ್ಟಳು. ಪೈಲ್ವಾನರು ಇವರ ನೀಲಿ ಕೋಟುಗಳನ್ನು ತೊಟ್ಟು ಉಸಿರು ಬಿಗಿಹಿಡಿದು ಸಾಲಾಗಿ ನಿಂತಿದ್ದರು. ಒಬ್ಬ ಉಸಿರು ಬಿಟ್ಟ. ಗುಂಡಿ ಹಾರಿ ಇವರ ಪೆಟ್ಟಿಗೆಗೆ ಟಪ್ಪೆಂದು ಬಡಿಯಿತು.

“ನನ್ನ ಕೋಟೇ ಇರ್ಬೇಕು ಕಣಕ್ಕ,” ಕಡ್ಡಿ ಪಿಸುಗುಟ್ಟಿದ. “ಬಡ್ಡಿಮಗ ಹರಿದೇಬಿಟ್ಟ.”

ಅವಳ ಕೋಟನ್ನು ತೊಟ್ಟಿದ್ದವನಿಗೆ ಹುರಿಮೀಸೆಯಿತ್ತು. ಎದೆಯ ಮೇಲೆ ಅವಳೇ ಕೆಂಪು ದಾರದಲ್ಲಿ ಹೊಲಿದ ತನ್ನ ನಂಬರು, ಹದಿನಾಲ್ಕು.

ಅಧಿಕಾರಿ ಕನ್ನಡಕದ ಸಣಕಲ ಮನುಷ್ಯ. ಕೈಯಲ್ಲಿ ಫಾರಂ ಇತ್ತು. ಅದರಲ್ಲಿ ‘ಸೇವಿಸಿದವರ ತೂಕ’ ಎಂದೊಂದು ಕಾಲಂ. ಸರಕಿನ ಪೆಟ್ಟಿಗೆ ತೂಗುವ ಮಷಿನ್ನಿನ ಮೇಲೇ ಪೈಲ್ವಾನರನ್ನು ಒಬ್ಬೊಬ್ಬರಾಗಿ ಹತ್ತಿಸಿದ. ನೂರ ನಾಲ್ಕು. ತೊಂಬತ್ತೊಂದು. ಅಧಿಕಾರಿ ಹುಬ್ಬೇರಿಸಿದ, ತನ್ನ ಬಡಕಲು ತೋಳನ್ನೊಮ್ಮೆ ನೋಡಿಕೊಂಡ, ಒಂದು ಡಬ್ಬಕ್ಕೆ ಎಷ್ಟು ಎಂದು ಮ್ಯಾನೇಜರನ ಕಿವಿಯಲ್ಲಿ ಕೇಳಿದ.

“ಹದಿನಾಲ್ಕು, ತೊಂಬತ್ತೆಂಟು,” ಎಂದು ಬರೆದುಕೊಂಡ. “ನಿಮ್ಮ ಕೆಲಸ?”

“ಮುಚ್ಚಳ ಹಾಕೋದು ಸಾರ್,” ಎಂದ ಹುರಿಮೀಸೆ.

“ದಿನಾ ಎರಡು ಸಹಿ ಇದೆ. ಮನೇಲಿ ಮಗು ಇದ್ಯಾ?”

ಹುರಿಮೀಸೆ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಗೋಣು ಹಾಕಿದ. “ಮಗಳಿದ್ದಾಳೆ ಸಾರ್, ಎಂಟು ವರ್ಷ. ಒಳ್ಳೇ ಹಂಡೆ ಥರ ಆಗಿದ್ದಾಳೆ. ಎತ್ಕೊಳಕ್ಕೆ ನನ್ನ ಕೈಲೂ ಆಗಲ್ಲ.”

ಎಲ್ಲರೂ ನಕ್ಕರು. ನಿನ್ನೆ ಸಂಜೆ ಆ ಮಗಳನ್ನು ಒಂದು ಸೊಂಟಕ್ಕೆ, ನೀರಿನ ಕೊಡವನ್ನು ಇನ್ನೊಂದು ಸೊಂಟಕ್ಕೆ ಇಟ್ಟುಕೊಂಡು ಮುಚ್ಚಳದಕ್ಕ ಮೂರು ಮಹಡಿ ಹತ್ತಿದ್ದಳು. ಕೊಡವೇ ಭಾರವಾಗಿತ್ತು. ಐದು ವರ್ಷದ ಹಿಂದೆ ಮಗಳಿಗೆ ಹಾಲು ನಿಲ್ಲಿಸಿದ್ದು ಅವಳೇ. ಎರಡು ಲೋಟ ಹಾಲಿಗೆ ಸಮ ಎಂಬ ಮಾತಿನ ಮೇಲೆ ದಿನಕ್ಕೆ ಸಾವಿರ ಸಲ ಮುಚ್ಚಳ ಒತ್ತುವವಳು ಅದನ್ನು ನಂಬದೆ ಇನ್ನೇನು ನಂಬುತ್ತಾಳೆ? ಹೋದ ತಿಂಗಳು ಆಸ್ಪತ್ರೆಯ ನರ್ಸಮ್ಮ ಮಗುವನ್ನು ತೂಗಿ, ಹದಿನಾರು ಕೆ.ಜಿ. ಎಂದು ಬರೆದು, “ಏನು ಕೊಡ್ತೀಯಮ್ಮ ಇವಳಿಗೆ?” ಎಂದಾಗ ಹೆಮ್ಮೆಯಿಂದಲೇ ಹೇಳಿದ್ದಳು. ನರ್ಸಮ್ಮ ಪೆನ್ನು ಕೆಳಗಿಟ್ಟು, “ಅದು ಹಿಟ್ಟು, ಸಕ್ಕರೆ ಕಣಮ್ಮ,” ಎಂದಿದ್ದಳು.

“ಅಕ್ಕ, ಬೇಡ,” ಎಂದ ಕಡ್ಡಿ. ಬೆನ್ನಿಗೆ ಬೆನ್ನು ತಾಗಿದ್ದರಿಂದ ಅವಳು ಏಳಲು ಹವಣಿಸುವುದು ಅವನಿಗೆ ಗೊತ್ತಾಗಿತ್ತು. “ಕಾಯಮ್ಮು ಹೋಗುತ್ತೆ.”

ಅವಳು ಎದ್ದಳು. ಪೆಟ್ಟಿಗೆ ಮಗುಚಿ ಇಬ್ಬರೂ ಅಧಿಕಾರಿಯ ಕಾಲ ಬುಡಕ್ಕೆ ಉರುಳಿದರು.

“ಇದೇನ್ರೀ ಇದು?” ಎಂದ ಅಧಿಕಾರಿ.

ಮ್ಯಾನೇಜರ್ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. “ಸ್ಟಾಕು ಸಾರ್. ಹಳೇ ಸ್ಟಾಕು.”

ಮುಚ್ಚಳದಕ್ಕ ನೇರವಾಗಿ ಹುರಿಮೀಸೆಯ ಮುಂದೆ ಹೋಗಿ ನಿಂತಳು. “ಕೋಟು ಬಿಚ್ಚೋ ಬೋಳಿಮಗನೆ. ಅವಳು ನನ್ನ ಮಗಳು.”

ಬಿಚ್ಚಲು ಅವನಿಗೂ ಆಸೆಯೇ, ತೋಳು ಸಿಕ್ಕಿಕೊಂಡಿತ್ತು. ಅವಳೇ ಎಳೆದು ಬಿಡಿಸಿ, ತೊಟ್ಟುಕೊಂಡು, ಮಷಿನ್ನು ಹತ್ತಿದಳು. ಮುಳ್ಳು ಅಲುಗಾಡಿ ಮೂವತ್ತಾರರಲ್ಲಿ ನಿಂತಿತು.

“ಹದಿನಾಲ್ಕನೇ ನಂಬರು ನಾನು. ಹನ್ನೊಂದು ವರ್ಷದಿಂದ ತಿಂತಿದೀನಿ. ಬರ್ಕೊಳ್ಳಿ.”

ಅಧಿಕಾರಿ ಫಾರಂ ನೋಡಿ, ಅವಳನ್ನು ನೋಡಿ, ಮತ್ತೆ ಫಾರಂ ನೋಡಿದ. “ಹದಿನಾಲ್ಕಕ್ಕೆ ಆಗ್ಲೇ ತೊಂಬತ್ತೆಂಟು ಅಂತ ಬರ್ದಾಯ್ತಲ್ಲಮ್ಮ. ಇದರಲ್ಲಿ ಹೊಡೆದು ತಿದ್ದೋ ಹಾಗಿಲ್ಲ.”

“ಹಂಗಾದ್ರೆ ನಿಮ್ಮ ಫಾರಂ ನೀವೇ ಇಟ್ಕೊಳ್ಳಿ.”

ಮಷಿನ್ನಿಗೆ ಹಗ್ಗದಲ್ಲಿ ಕಟ್ಟಿದ ಮೊಹರು ನೇತಾಡುತ್ತಿತ್ತು. ತೂಗಿದ ಯಾವ ಸರಕೂ ಮೊಹರು ಬೀಳದೆ ಅಲ್ಲಿಂದ ಇಳಿಯಬಾರದು, ಅದು ಕಾರ್ಖಾನೆಯದೇ ನಿಯಮ. ಅವಳು ಅದರ ಅಂಕಿಯ ಚಕ್ರವನ್ನು ಮೂವತ್ತಾರಕ್ಕೆ ತಿರುಗಿಸಿ, ತೋಳು ಮೇಲಕ್ಕೆ ಸರಿಸಿ, ಮುಂಗೈಗೆ ಒತ್ತಿಕೊಂಡಳು. ‘ಪರೀಕ್ಷಿಸಲಾಗಿದೆ, ೩೬ ಕೆ.ಜಿ.’ ಎಂದು ಕೆಂಪಗೆ ಮೂಡಿತು.

“ನಿನ್ನ ಕಾಯಮ್ಮು ಇಲ್ಲಿಗೆ ಮುಗೀತು ಕಣೇ,” ಎಂದ ಮ್ಯಾನೇಜರ್.

“ಸ್ಟಾಕಿಗೆ ಯಾವ ಕಾಯಮ್ಮು ಸಾಮಿ?”

ಕಡ್ಡಿ ಮಂಡಿ ಸವರಿಕೊಳ್ಳುತ್ತ ಬಂದು ಮಷಿನ್ನು ಹತ್ತಿದ. ನಲವತ್ತು. ಅವಳು ಚಕ್ರ ತಿರುಗಿಸಿ ಅವನ ಕೈಗೂ ಒತ್ತಿದಳು. ಹಿಂದೆ ರಟ್ಟಿನ ರೆಕ್ಕೆಗಳು ಒಂದೊಂದೇ ಬಿಚ್ಚಿಕೊಂಡವು. ಯಾರೋ ಅಷ್ಟು ಹೊತ್ತು ತಡೆದಿದ್ದ ಸೀನನ್ನು ಧಾರಾಳವಾಗಿ ಸೀನಿದರು. ಮೂವತ್ತೊಂಬತ್ತು. ಮೂವತ್ತನಾಲ್ಕು. ಪೈಲ್ವಾನರು ಕೋಟು ಬಿಚ್ಚಿ ತೂಗಿಸಿಕೊಂಡವರ ಹೆಗಲಿಗೆ ಹೊದಿಸತೊಡಗಿದರು. ಮ್ಯಾನೇಜರ್ ಮಷಿನ್ನು ಹೊತ್ತು ಒಳಗಿಡಿ ಎಂದು ಅವರಿಗೆ ಕಿರುಚಿದ. ಯಾರೂ ಕೈ ಹಾಕಲಿಲ್ಲ.

“ಕಡ್ಡಿ,” ಎಂದಳು ಮುಚ್ಚಳದಕ್ಕ, “ಸ್ಕೂಲಿಗೆ ಓಡು. ನನ್ನ ಮಗಳನ್ನ ಕರ್ಕೊಂಡು ಬಾ. ಎರಡನೇ ಸಹಿ ಅವಳದ್ದು.”

ಕಡ್ಡಿ ಓಡಿದ. ಅಧಿಕಾರಿ ಜೀಪಿನ ಕಡೆ ಎರಡು ಹೆಜ್ಜೆ ಇಟ್ಟ. ಹುರಿಮೀಸೆಯವನು ಬರಿಮೈಯಲ್ಲಿ ಹೋಗಿ ಬಾಗಿಲಿಗೆ ಅಡ್ಡ ನಿಂತ. ಮುಚ್ಚಳದಕ್ಕ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಹದಿನಾರಕ್ಕೆ ತಂದು, ಮೊಹರನ್ನು ಕೈಯಲ್ಲೇ ಹಿಡಿದುಕೊಂಡು ಮಷಿನ್ನಿನ ಪಕ್ಕದಲ್ಲಿ ಕಾಯುತ್ತ ನಿಂತಳು.