ಹತ್ತಕ್ಕೊಂದು ಏಟು

ಮೆಕ್ಯಾನಿಕ್ ಮತ್ತೆ ದಡಕ್ಕನೆ ಎದ್ದು ಕೂತ. ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು. "ನಿಂತೋಯ್ತು ಅನ್ನಿಸ್ತು," ಅಂದ.

"ಇದು ಮನೆ ಕಣ್ರೀ. ಇಲ್ಲೇನಿದೆ ನಿಲ್ಲೋಕೆ?" ಅಂದಳು ಹೆಂಡತಿ, ಬಟ್ಟೆ ಮಡಚುತ್ತ.

ಸಮುದ್ರದ ತಳದ ಮಣ್ಣಿನೊಳಗೆ ಗ್ಯಾಸು ಮಂಜುಗಡ್ಡೆಯ ಹಾಗೆ ಹೆಪ್ಪುಗಟ್ಟಿ ಕೂತಿರುತ್ತದಂತೆ. ಅದನ್ನು ಹುಡುಕುವ ಸರ್ವೆ ಹಡಗಿನಲ್ಲಿ ಅವನ ಕೆಲಸ. ಹಡಗು ತನ್ನ ಹಿಂದೆ ಎಳೆದುಕೊಂಡು ಹೋಗುವ, ಗಾಳಿ ಸಿಡಿಸುವ ಏರ್‌ಗನ್ನುಗಳು ಹತ್ತು ಎಣಿಸುವಷ್ಟಕ್ಕೊಮ್ಮೆ ನೀರೊಳಗೆ ಧಡ್ ಎನ್ನಬೇಕು; ತಳದಿಂದ ಮರಳುವ ಸದ್ದನ್ನು ಹಿಂದಿರುವ ಉದ್ದನೆಯ ಕೇಬಲ್ ಕೇಳಿಸಿಕೊಳ್ಳುತ್ತದೆ. ಹಗಲೂ ರಾತ್ರಿ, ತಿಂಗಳುಗಟ್ಟಲೆ. ಆ ಸದ್ದಿನಲ್ಲೇ ಅವನು ಗೊರಕೆ ಹೊಡೆಯುತ್ತಿದ್ದ. ಸದ್ದು ತಪ್ಪಿದರೆ ಮಾತ್ರ ಎಚ್ಚರ. ಗನ್ನು ಕೆಟ್ಟಿತೆಂದು ಓಡಬೇಕು. ಮನೆಗೆ ಬಂದು ತಿಂಗಳಾದರೂ ಕಿವಿಗೆ ಅದಿನ್ನೂ ಗೊತ್ತಾಗಿಲ್ಲ.

ಸಮುದ್ರ ಸಾಕು ಅಂದವನು ಅವನೇ. ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸವೂ ಸಿಕ್ಕಿತ್ತು. ನಿನ್ನೆ ಅಲ್ಲಿ ಲೇತ್ ಯಂತ್ರದ ಮುಂದೆ ತೂಕಡಿಸಿ ಬೆರಳು ಕಳೆದುಕೊಳ್ಳುವುದರಲ್ಲಿದ್ದ. ಮೊದಲು ನಿದ್ದೆ ಮಾಡಿ ಬಾ ಎಂದು ಮಾಲೀಕ ಮನೆಗೆ ಅಟ್ಟಿದ್ದ. ಹಡಗು ನಾಳೆ ಮತ್ತೆ ಹೊರಡುತ್ತದೆ; ಸಂಜೆಯೊಳಗೆ ಹೇಳು ಅಂತ ಕ್ಯಾಪ್ಟನ್ ಫೋನ್ ಮಾಡಿದ್ದ.

"ಹೋಗಿಬಿಡ್ತೀನಿ ಕಣೆ. ಅಲ್ಲಾದ್ರೂ ನಿದ್ದೆ ಬರುತ್ತೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. ವರ್ಷವಿಡೀ ಒಂಟಿಯಾಗಿ ಮನೆ ತೂಗಿಸಿ ಸಾಕಾಗಿತ್ತು. ನಿದ್ದೆ ಮಾಡೋಕೆ ಸಮುದ್ರಕ್ಕೆ ಹೋಗುವ ಗಂಡಸನ್ನು ಯಾರಾದರೂ ಕಂಡಿದ್ದಾರೆಯೇ? "ಸುಮ್ನೆ ಮಲಗಿ!" ಎಂದು ಗದರಿ, ಎಳೆ ಮಗುವನ್ನು ಮಲಗಿಸುವ ಹಾಗೆ ಬೆನ್ನು ತಟ್ಟತೊಡಗಿದಳು.

"ಇನ್ನೂ ನಿಧಾನ," ಅಂದ. "ಹತ್ತಕ್ಕೊಂದು. ಸ್ವಲ್ಪ ಗಟ್ಟಿಯಾಗಿ."

ಎಣಿಸಿದಳು, ತಟ್ಟಿದಳು. ಮೈಯ ಬಿಗಿ ಸಡಿಲಿತು, ಗೊರಕೆ ಶುರುವಾಯಿತು. ಗೆದ್ದೆ ಅನ್ನಿಸಿತು ಅವಳಿಗೆ. ಇನ್ನಿವನು ಎಲ್ಲಿಗೂ ಹೋಗುವುದಿಲ್ಲ. ಮೆಲ್ಲಗೆ ಏಳಹೋದಳು. ಎಣಿಕೆ ಹನ್ನೊಂದಾಯಿತು, ಹನ್ನೆರಡಾಯಿತು, ಅವನ ಭುಜ ಬೆಚ್ಚಿತು, ರೆಪ್ಪೆ ಅದುರಿತು. ಗಡಬಡಿಸಿ ಕೂತು ತಟ್ಟಿದಳು.

ಬಲಗೈ ಸೋತಿತು, ಎಡಗೈಗೆ ಬದಲಿಸಿದಳು. ಮೇಜಿನ ಮೇಲೆ ಫೋನು ಬಡಿದುಕೊಂಡು ಸುಮ್ಮನಾಯಿತು, ಕ್ಯಾಪ್ಟನ್ನೇ ಇರಬೇಕು. ಗಂಡ ಅಲುಗಲಿಲ್ಲ. ಸದ್ದಿಗೆ ಏಳುವ ಆಸಾಮಿಯಲ್ಲ ಅವನು. ಕಿಟಕಿಯ ಬಿಸಿಲು ಮಂಚ ಬಿಟ್ಟು ಗೋಡೆ ಹತ್ತಿತು. ಬೆನ್ನು ನೋಯುತ್ತಿತ್ತು, ಬಾಯಾರಿತ್ತು, ನೀರಿನ ಚೊಂಬು ಅಡುಗೆಮನೆಯಲ್ಲಿತ್ತು.

ಬಾಗಿಲು ದಬದಬ ಬಡಿದ ಸದ್ದಾಯಿತು. ಶಾಲೆ ಬಿಟ್ಟಿತ್ತು, ಮಗ ಬಂದಿದ್ದ.

"ಅಮ್ಮಾ, ಬಾಗ್ಲು ತೆಗಿ!"

ಏಳು. ಎಂಟು.

"ಅಮ್ಮಾ, ಒಳಗೇ ಇದೀಯ ತಾನೇ?"

ಒಂಬತ್ತು. ಅವಳು ತಟ್ಟಲು ಕೈ ಎತ್ತಿದಳು.