ತಂತಿಯ ಮೇಲೆ ಒಣಗುತ್ತಿದ್ದ ಬೆಲ್ಟು

ಏಸಿಯ ಡಬ್ಬಗಳು ನಮ್ಮ ಮೂರನೆಯ ಮಹಡಿಗೆ ಬಂದ ದಿನದಿಂದ ನಮ್ಮ ಯಜಮಾನರು ನನ್ನ ಜೊತೆ ಮಾತು ಬಿಟ್ಟಿದ್ದರು. ಇಪ್ಪತ್ತೆರಡು ವರ್ಷ ಊರವರ ಮನೆಗಳಿಗೆಲ್ಲ ಏಸಿ ಕೂರಿಸಿದ ಮನುಷ್ಯ, ತನ್ನ ಮನೆಗೆ ಒಂದು ಬಂತು ಅಂದರೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟರು. ತಿರುಗಿಸಲು ಅವರಿಗೆ ಉಳಿದಿರುವುದು ಮುಖ ಒಂದೇ. ಕುತ್ತಿಗೆಯಿಂದ ಕೆಳಗೆ ಆರು ವರ್ಷದಿಂದ ಏನೂ ಅಲುಗಾಡುವುದಿಲ್ಲ.

"ಬೇಡ ಅಂದಿದ್ದೆ ತಾನೇ ನಾನು" ಎಂದಷ್ಟೇ ಎರಡನೆಯ ದಿನ ಅಂದರು.

"ನಿಮ್ಮನ್ನ ಕೇಳಿದವರು ಯಾರು?" ಎಂದೆ. ನನ್ನ ನಾಲಿಗೆ ಮೊದಲಿನಿಂದಲೂ ಹೀಗೇ. ಮದುವೆಯಾದ ಹೊಸದರಲ್ಲಿ ಅತ್ತೆ, ಇವಳ ಬಾಯಿಗೆ ಬೀಗ ಮಾಡುವವನು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದರು.

ಆದರೆ ನಾನು ಹಟಕ್ಕೆ ತರಿಸಿದ್ದಲ್ಲ. ಕುತ್ತಿಗೆಯ ಹತ್ತಿರ ಬೆನ್ನುಹುರಿ ಹೋದವರಿಗೆ ಮೈ ಬೆವರುವುದಿಲ್ಲ. ಹೊರಗೆ ಕಾದಂತೆಲ್ಲ ಒಳಗೂ ಕಾಯುತ್ತಾ ಹೋಗುತ್ತದೆ. ಹೋದ ಬೇಸಿಗೆಯಲ್ಲಿ ಹಾಗೆ ಕಾದು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ನಾಲ್ಕು ದಿನ ನನ್ನನ್ನು ಗುರುತಿಸದೆ ಮಲಗಿದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲಮ್ಮ" ಎಂದರು. ಈ ವರ್ಷ ಸೆಕೆ ಒಂದು ತಿಂಗಳು ಮೊದಲೇ ಬಂತು. ಫ್ಯಾನು ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಅವರ ಮೇಲೆ ಸುರಿಯುತ್ತಿತ್ತು. ನಾನು ಹೊಲಿಗೆ ಯಂತ್ರದಿಂದ ಏಳುವುದು, ಒದ್ದೆ ಬಟ್ಟೆ ಹಿಂಡಿ ಅವರ ಎದೆಯ ಮೇಲೆ ಹಾಕುವುದು, ಮತ್ತೆ ಯಂತ್ರಕ್ಕೆ ಕೂರುವುದು. ಅರ್ಧ ಗಂಟೆಯಲ್ಲಿ ಆ ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಒಣಗಿರುತ್ತಿತ್ತು.

ಅವರು ಬೇಡ ಎನ್ನುತ್ತಿದ್ದುದಕ್ಕೆ ಕಾರಣ ಒಂದೇ. "ನನಗೋಸ್ಕರ ಇನ್ನೊಬ್ಬ ಗೋಡೆ ಹತ್ತೋದು ಬೇಡ."

ಆ ಮಾತು ಬಂದಾಗಲೆಲ್ಲ ನಾನು ಏನಾದರೂ ನೆಪ ಹುಡುಕಿ ಅಡುಗೆಮನೆಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಯಾರಿಗೂ ಹೇಳದ ಮಾತು, ಈಗ ಹೇಳಿಬಿಡುತ್ತೇನೆ. ಅವರು ಬಿದ್ದ ದಿನ, ಎತ್ತರದ ಕೆಲಸಕ್ಕೆಂದು ಸೊಂಟಕ್ಕೆ, ಹೆಗಲಿಗೆ ಕಟ್ಟಿಕೊಳ್ಳುವ ಬೆಲ್ಟು ಅವರ ಮೈಮೇಲೆ ಇರಲಿಲ್ಲ. ಅದು ನಮ್ಮ ಮನೆಯ ಬಟ್ಟೆ ಒಣಗಿಸುವ ತಂತಿಯ ಮೇಲಿತ್ತು. ಅದನ್ನು ಒಗೆದು ಹಾಕಿದವಳು ನಾನು.

ಯಾರು ಒಗೆ ಎಂದಿದ್ದರು? ಯಾರೂ ಇಲ್ಲ. ವರ್ಷದ ಬೆವರು ಹಿಡಿದು ಬೆಲ್ಟು ಗಬ್ಬು ನಾರುತ್ತಿತ್ತು. ಹಿಂದಿನ ಸಂಜೆ ಸೋಪಿನ ಪುಡಿಯಲ್ಲಿ ನೆನೆಹಾಕಿ, ಬ್ರಷ್ಷು ತೆಗೆದುಕೊಂಡು ಉಜ್ಜಿದೆ. ಗಂಡನಿಗೆ ಖುಷಿಯಾಗಲಿ ಎಂದು. ಬೆಳಿಗ್ಗೆ ನೋಡಿದರೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅವರು ಬೈಯಲಿಲ್ಲ. "ಪರವಾಗಿಲ್ಲ ಬಿಡು, ಇವತ್ತು ನೆಲಮಹಡಿ ಕೆಲಸ" ಎಂದು ನಗುತ್ತಾ ಹೋದರು. ನೆಲಮಹಡಿಯ ಕೆಲಸ ಮುಗಿದ ಮೇಲೆ ಕಂಪನಿಯವರು ಇನ್ನೊಂದು ಮನೆಗೆ ಕಳಿಸಿದರು. ಮೂರನೆಯ ಮಹಡಿ. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಬೆಲ್ಟು ಚೆನ್ನಾಗಿ ಒಣಗಿತ್ತು. ನಾನು ಅದನ್ನು ಮಡಿಸುತ್ತಿದ್ದಾಗ ಫೋನು ಬಂತು.

ಬೆಲ್ಟನ್ನು ಟ್ರಂಕಿನ ತಳಕ್ಕೆ ಹಾಕಿದೆ. ಯಾರೂ ಕೇಳಲಿಲ್ಲ. ಬೇರೆ ಫಿಟ್ಟರುಗಳಿಗೆ ದಿನಾ ಬೆಲ್ಟಿನ ಪಾಠ ಹೇಳುತ್ತಿದ್ದ ಮನುಷ್ಯ ತಾನೇ ಹಾಕದೆ ಬಿದ್ದ ಎಂದಾಗ ಜನ ಸುಮ್ಮನಿರುತ್ತಾರೆಯೇ? ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂದರು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತೇ ಅಂದರು. ಇವರು ಛಾವಣಿ ನೋಡುತ್ತಾ ಕೇಳಿಸಿಕೊಂಡರು, ಹೆಂಡತಿ ಒಗೆದಿದ್ದಳು ಎಂದು ಹೇಳಲಿಲ್ಲ. ಆ ದಿನದಿಂದ ನಮ್ಮಿಬ್ಬರ ನಡುವೆ ಬೆಲ್ಟು ಎಂಬ ಪದವೇ ಬಂದಿಲ್ಲ. ನನ್ನಿಂದಲೇ ಹೀಗಾಯಿತಾ ಎಂದು ಅವರನ್ನು ಒಂದು ಸಲ ಕೇಳಬೇಕು ಅನ್ನಿಸುತ್ತಿತ್ತು. ಊರಿಗೆಲ್ಲ ಉತ್ತರ ಕೊಡುವ ನನ್ನ ಬಾಯಿ ಆ ಒಂದು ಪ್ರಶ್ನೆಗೆ ಆರು ವರ್ಷ ತೆರೆಯಲಿಲ್ಲ.

ಏಸಿ ಹಾಕಲು ಇಬ್ಬರು ಬಂದರು. ಒಬ್ಬ ಮೀಸೆಯ ಫಿಟ್ಟರು, ಮೂವತ್ತೈದು ದಾಟಿದವನು. ಇನ್ನೊಬ್ಬ ಭಾರ ಎತ್ತಲು ಬಂದ ಗಟ್ಟಿಮುಟ್ಟಾದ ಮನುಷ್ಯ, ಕೇಳಿದ್ದಕ್ಕೆ ತಲೆಯಾಡಿಸಿದರೆ ಅದೇ ಹೆಚ್ಚು. ಮಂಚವನ್ನು ನಡುಮನೆಯ ಬಾಗಿಲ ಕಡೆಗೆ ಸರಿಸಿಕೊಂಡು, ಒಳಗಿನ ಪೆಟ್ಟಿಗೆಗೆ ಗೋಡೆಯ ಮೇಲೆ ಗುರುತು ಹಾಕತೊಡಗಿದರು. ಸಿಟ್ಟು ಎಷ್ಟಿದ್ದರೂ ಕಸುಬು ಬಿಡಬೇಕಲ್ಲ. ಐದು ನಿಮಿಷದಲ್ಲಿ ನಮ್ಮವರ ಮುಖ ಗೋಡೆಯಿಂದ ಈಚೆಗೆ ತಿರುಗಿತು.

"ಸ್ವಿಚ್‌ಬೋರ್ಡಿನ ನೇರಕ್ಕೆ ತೂತು ಹಾಕಬೇಡ, ಒಳಗೆ ವೈರು ಹೋಗಿದೆ."

ಫಿಟ್ಟರು ಡ್ರಿಲ್ಲು ಕೆಳಗಿಳಿಸಿ ನನ್ನ ಮುಖ ನೋಡಿದ.

"ಅವರೂ ಇದೇ ಕೆಲಸದವರಪ್ಪ" ಎಂದೆ.

"ತೂತು ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ. ಇಲ್ಲಾಂದ್ರೆ ನೀರು ನನ್ನ ಮೂಗಿಗೇ ತೊಟ್ಟಿಕ್ಕುತ್ತೆ, ಒರೆಸ್ಕೊಳ್ಳೋಕೆ ನನಗೆ ಕೈ ಬರಲ್ಲ."

ಫಿಟ್ಟರು ನಕ್ಕ. ಆಮೇಲೆ ನಗಬಾರದಿತ್ತೇನೋ ಎಂಬಂತೆ ಮೀಸೆ ಒರೆಸಿಕೊಂಡ. ನಮ್ಮವರೂ ನಗುತ್ತಿದ್ದರು. ಅರ್ತಿಂಗ್ ಎಲ್ಲಿಂದ ಎಳೆದಿದ್ದಾರೆ, ಏಸಿಗೆಂದು ಬೇರೆ ಲೈನು ಇದೆಯಾ, ಎಲ್ಲ ಕೇಳಿದರು. ಮೊನ್ನೆಯೇ ಎಲೆಕ್ಟ್ರಿಷಿಯನ್ ಬಂದು ಹೋದ ಎಂದು ನಾನು ಹೇಳಿದ್ದಕ್ಕೆ, "ನನಗೆ ತಿಳೀದ ಹಾಗೆ ಎಷ್ಟೆಲ್ಲ ಮಾಡಿದ್ದೀಯೇ ಮಾರಾಯ್ತಿ" ಎಂದರು. ಎಷ್ಟೋ ದಿನದ ಮೇಲೆ ಆ ಧ್ವನಿ ಕೇಳಿದೆ. ಪಕ್ಕದ ಮನೆಯವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಅಳಬೇಕು ಅನ್ನಿಸಿತು.

ಒಳಗಿನದು ಕೂತಿತು. ಹೊರಗಿನ ಪೆಟ್ಟಿಗೆ ಕೂರಬೇಕಾದದ್ದು ನಡುಮನೆಯ ಕಿಟಕಿಯಾಚೆಯ ಗೋಡೆಗೆ, ಕಬ್ಬಿಣದ ಬ್ರಾಕೆಟ್ಟಿನ ಮೇಲೆ. ಕಿಟಕಿಯ ಕೆಳಗೆ ಒಂದೂವರೆ ಅಡಿಯ ಸಿಮೆಂಟಿನ ಸಜ್ಜಾ, ಅದರ ಕೆಳಗೆ ಮೂರು ಮಹಡಿ ಗಾಳಿ. ಫಿಟ್ಟರು ಕಿಟಕಿಯ ಸರಳಿನ ಬಾಗಿಲು ತೆರೆದು ಚಪ್ಪಲಿ ಬಿಟ್ಟ.

"ಬೆಲ್ಟ್ ಎಲ್ಲಪ್ಪ?" ಎಂದೆ.

"ಆಫೀಸಲ್ಲಿ ಇರೋದೇ ಎರಡು ಅಕ್ಕಾ, ಸೀಸನ್ನು, ಬೇರೆಯವರು ತಗೊಂಡು ಹೋದ್ರು. ಹತ್ತು ನಿಮಿಷದ ಕೆಲಸ, ಏನಾಗಲ್ಲ."

ದೇವರಾಣೆಗೂ ಹೇಳುತ್ತೇನೆ, ಹೋಗಪ್ಪ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೆಳಿಗ್ಗೆ ನಮ್ಮವರ ಮೈ ನೂರಾ ಒಂದು ಇತ್ತು. ಇವನನ್ನು ವಾಪಸು ಕಳಿಸಿದರೆ ಮತ್ತೆ ಸರದಿ ಬರುವುದು ಎರಡು ವಾರಕ್ಕೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಏಸಿ ಇದ್ದು ಮನುಷ್ಯ ಇಲ್ಲದಿದ್ದರೆ? ಬೇರೆಯವಳ ಗಂಡನ ಬಗ್ಗೆ ನಾನು ಹಾಗೆ ಯೋಚಿಸಿದೆ. ಆ ಪಾಪ ನನ್ನ ಲೆಕ್ಕಕ್ಕೇ ಇರಲಿ.

"ಬೆಲ್ಟ್ ಇಲ್ದೆ ಒಬ್ಬರು ಕಿಟಕಿ ದಾಟಿದ್ರೂ ಏಸಿ ವಾಪಸ್ ಹೋಗುತ್ತೆ" ಎಂದರು ನಮ್ಮವರು ಮಂಚದಿಂದ.

ಹಿಂದೆ ಮುಂದೆ ನೋಡದೆ ಅಡುಗೆಮನೆಗೆ ಹೋಗಿ ಟ್ರಂಕು ತೆರೆದೆ. ಹಳೆಯ ಪರದೆಗಳ ಕೆಳಗೆ ಅದು ಇಟ್ಟಂತೆಯೇ ಇತ್ತು, ನಾನು ಮಡಿಸಿದ ಅದೇ ಮಡಿಕೆಯಲ್ಲಿ. ತಂದು ಫಿಟ್ಟರನ ಕೈಗೆ ಕೊಟ್ಟೆ.

"ಏನೇ ಅದು ಟ್ರಂಕಿನಿಂದ ತೆಗೆದದ್ದು?" ಮಂಚದಿಂದ ಅವರಿಗೆ ನಡುಮನೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

"ಬೆಲ್ಟು" ಎಂದೆ. "ನಿಮ್ಮದು."

ಬಾಗಿಲ ಹತ್ತಿರ ಹೋಗಿ ನಿಂತೆ. ಅವರು ನನ್ನನ್ನು ನೋಡಲಿಲ್ಲ, ಛಾವಣಿ ನೋಡುತ್ತಿದ್ದರು.

"ಅದನ್ನ ಇನ್ನೂ ಇಟ್ಕೊಂಡಿದ್ದೀಯಾ? ಅದು ಬೇಡ, ಅವನಿಗೆ ಕೊಡಬೇಡ. ಅದರ ಹೊಲಿಗೆ ಬಿಟ್ಟಿದೆ. ನಾನು ಬೀಳೋಕೆ ಒಂದು ವಾರ ಮುಂಚೇನೇ ನೋಡಿದ್ದೆ, ಬೇರೆ ಕೇಳಬೇಕು ಅಂತಿದ್ದೆ. ಅವತ್ತು ಹಾಕ್ಕೊಂಡು ಹೋಗಿದ್ರೂ ಹಿಡೀತಿರಲಿಲ್ಲ ಕಣೇ. ಹೆಂಗಿದ್ರೂ ಬೀಳೋನೇ ನಾನು."

ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ, ನಿಜವಾಗಿಯೂ ಉಸಿರು ಸಲೀಸಾಗುತ್ತದೆ. ಹೊಲಿಗೆ ಬಿಟ್ಟಿತ್ತಂತೆ. ನಾನು ಒಗೆದರೂ ಒಂದೇ, ಒಗೆಯದಿದ್ದರೂ ಒಂದೇ.

"ಇದನ್ನ ಮೊದಲೇ ಹೇಳೋದಲ್ವಾ ರೀ?" ಎಂದೆ ಅಳುತ್ತಾ.

"ನೀನು ಕೇಳಬೇಕಿತ್ತಲ್ಲ" ಎಂದರು.

ಸೆರಗಿನಲ್ಲಿ ಮುಖ ಒರೆಸಿಕೊಂಡು ನಡುಮನೆಗೆ ಬಂದೆ. ಫಿಟ್ಟರು ಬೆಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಓಡಿಸುತ್ತಿದ್ದ. ಒಂದು ಪಟ್ಟಿ ಕಾಲಿನಡಿ ಒತ್ತಿಹಿಡಿದು ಎರಡೂ ಕೈಯಿಂದ ಜಗ್ಗಿದ. ಆಮೇಲೆ ಕೊಂಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ತನ್ನ ಭಾರವನ್ನೆಲ್ಲ ಬಿಟ್ಟು ತೂಗಿದ.

"ಅಕ್ಕಾ, ಎಲ್ಲಿ ಬಿಟ್ಟಿದೆ?" ಎಂದ ಮೆಲ್ಲಗೆ. "ಒಂದು ಎಳೆ ಕೂಡ ಹೋಗಿಲ್ಲ. ಇದು ಕೋಣಾನೂ ತಡೆಯುತ್ತೆ."

ಅವನ ಕೈಯಿಂದ ಕಿತ್ತುಕೊಂಡು ನನ್ನ ಹೊಲಿಗೆ ಯಂತ್ರದ ದೀಪದ ಕೆಳಗೆ ಹಿಡಿದೆ. ಅವರು ಬಿದ್ದ ಮೇಲೆ ಕಲಿತ ಹೊಲಿಗೆ ಇದು, ಆರು ವರ್ಷ ಇದೇ ನಮಗೆ ಅನ್ನ ಹಾಕಿದೆ. ಬಿಟ್ಟ ಹೊಲಿಗೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಗಲ ಪಟ್ಟಿ ನೋಡಿದೆ, ತೊಡೆಯ ಪಟ್ಟಿ ನೋಡಿದೆ, ಬೆನ್ನಿನ ಉಂಗುರದ ಸುತ್ತ ಹಾಕಿದ ನಾಲ್ಕು ಸಾಲು ದಪ್ಪ ದಾರ ನೋಡಿದೆ. ಎಲ್ಲ ಕಾರ್ಖಾನೆಯಿಂದ ಬಂದ ಹಾಗೇ ಇತ್ತು.

ಆಗ ನನಗೆ ಬುದ್ಧಿ ಬಂತು. ದಿನಾ ಬಾಗಿಲು ದಾಟುವ ಮೊದಲು ಹೊಲಿಗೆ ಮುಟ್ಟಿ ನೋಡುತ್ತಿದ್ದ ಮನುಷ್ಯ, ಒಂದು ಗೀರು ಬಿದ್ದ ತಾಮ್ರದ ಪೈಪನ್ನೂ ಪಕ್ಕಕ್ಕೆಸೆಯುತ್ತಿದ್ದ ಮನುಷ್ಯ, ಹರಿದ ಬೆಲ್ಟು ಕಟ್ಟಿಕೊಂಡು ಒಂದು ವಾರ ಗೋಡೆ ಹತ್ತುತ್ತಿದ್ದರೇ? ನಾನು ಬೆಲ್ಟು ಎಂದ ಕೂಡಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ನಾನು ಏನನ್ನು ಕೇಳಲು ಹೆದರುತ್ತಿದ್ದೆ ಎಂಬುದು ಆರು ವರ್ಷದಿಂದಲೂ ಗೊತ್ತಿತ್ತು. ಈ ಬೆಲ್ಟು ಹಾಕಿದ್ದರೆ ಅವರು ಬೀಳುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ಈಗ ನನಗೂ ಗೊತ್ತು.

"ಅಣ್ಣಂಗೆ ಹೇಳ್ತೀನಿ, ಇದನ್ನೇ ಹಾಕ್ಕೊಂಡು..." ಎಂದು ಫಿಟ್ಟರು ಬಾಗಿಲ ಕಡೆ ಹೆಜ್ಜೆಯಿಟ್ಟ.

ಅವನಿಗೆ ಅಡ್ಡ ನಿಂತು ಕೈ ಮುಗಿದೆ. ಮಂಚಕ್ಕೆ ಕೇಳಿಸುವ ಹಾಗೆ ಗಟ್ಟಿಯಾಗಿ, "ಹೌದಪ್ಪ, ಬಿಟ್ಟಿದೆ, ಹೆಗಲ ಹತ್ರ ಪೂರ್ತಿ ಬಿಟ್ಟಿದೆ ನೋಡು" ಎಂದೆ.

ಅವನು ನನ್ನ ಮುಖ ನೋಡಿದ, ಬೆಲ್ಟು ನೋಡಿದ. "ಹೌದಣ್ಣಾ" ಎಂದು ಕೂಗಿದ. "ಬಿಟ್ಟಿದೆ. ನೀವು ಹೇಳಿದ್ದು ಒಳ್ಳೇದಾಯ್ತು."

"ಹಂಗಾದ್ರೆ ಗೋಡೆ ಬೇಡ" ಎಂದರು ಒಳಗಿನಿಂದ. "ಬಾಲ್ಕನಿ ನೆಲದ ಮೇಲೇ ಕೂರಿಸು. ಮುಖ ಸರಳಿನ ಕಡೆಗಿರಲಿ, ಬಿಸಿಗಾಳಿ ಹೊರಗೆ ಹೋಗಬೇಕು. ಹಿಂದೆ ಒಂದು ಗೇಣು ಜಾಗ ಬಿಡು."

ನಮ್ಮ ಬಾಲ್ಕನಿ ಅವರ ಗಾಲಿಕುರ್ಚಿ ಹಿಡಿಸುವಷ್ಟೇ ಇದೆ. ಲಿಫ್ಟು ಇಲ್ಲದ ಈ ಕಟ್ಟಡದಲ್ಲಿ ಅವರಿಗೆ ಹೊರಗೆ ಎಂದರೆ ಅದೊಂದೇ. ದಿನಾ ಸಂಜೆ ಐದಕ್ಕೆ ಅಲ್ಲಿ ಕೂತು ಬೀದಿ ನೋಡುತ್ತಿದ್ದರು. ಎದುರು ಕಟ್ಟಡದ ಏಸಿಗಳಿಗೆ ಮಾರ್ಕು ಕೊಡುತ್ತಿದ್ದರು. "ಆ ನೀಲಿ ಪರದೆ ಮನೇದು ಸೊಟ್ಟಗೆ ಕೂತಿದೆ, ಯಾವ ಪುಣ್ಯಾತ್ಮ ಹಾಕಿದ್ನೋ" ಎಂದು ಎಷ್ಟು ಸಲ ಹೇಳಿಲ್ಲ. ಪೆಟ್ಟಿಗೆ ಅಲ್ಲಿ ಕೂತರೆ ಕುರ್ಚಿ ಬಾಗಿಲು ದಾಟುವುದಿಲ್ಲ.

"ಬಾಲ್ಕನಿ ಬೇಡ ರೀ, ನಿಮಗೆ ಕೂರೋಕೆ..."

"ಅಲ್ಲಿ ನೋಡೋಕೆ ಏನಿದೆ? ಆರು ವರ್ಷದಿಂದ ಅದೇ ಬೀದಿ."

ಬೆಲ್ಟು ಗಟ್ಟಿಯಾಗಿದೆ ಎಂದು ನಾನು ಒಂದು ಮಾತು ಹೇಳಿದ್ದರೆ ಬಾಲ್ಕನಿ ಅವರಿಗೇ ಉಳಿಯುತ್ತಿತ್ತು. ಆದರೆ ಅವರು ನನಗೋಸ್ಕರ ಹೇಳಿದ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಬಾಲ್ಕನಿಯಲ್ಲಿದ್ದ ಅವರ ಟವೆಲ್ಲು, ನೀರಿನ ಬಾಟಲಿ ಎತ್ತಿ ಒಳಗಿಟ್ಟೆ. ಅವರಿಬ್ಬರೂ ಪೆಟ್ಟಿಗೆಯನ್ನು ಹೊತ್ತು ತಂದು ರಬ್ಬರಿನ ಕಾಲುಗಳ ಮೇಲೆ ಕೂರಿಸಿದರು. ಪೈಪು ಜೋಡಿಸಿ, ಪಂಪು ಹಾಕಿ ಒಳಗಿನ ಗಾಳಿ ಎಳೆದರು. ಸಾಕು ಎಂದು ಫಿಟ್ಟರು ಎರಡು ಸಲ ಎದ್ದ, ಎರಡು ಸಲವೂ ನಮ್ಮವರು "ಇನ್ನೂ ಐದು ನಿಮಿಷ" ಎಂದು ಕೂರಿಸಿದರು. ಗ್ಯಾಸು ಬಿಟ್ಟ ಮೇಲೆ ಜೋಡಿಸಿದ ಕಡೆಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರು. ಗುಳ್ಳೆ ಬರಲಿಲ್ಲ.

ಕೆಲಸದವರು ಹೋದಾಗ ಐದು ಗಂಟೆ. ಬಾಗಿಲು, ಕಿಟಕಿ ಹಾಕಿದೆ. ಸ್ವಲ್ಪ ಹೊತ್ತಿಗೆ ಕೋಣೆ ತಣ್ಣಗಾಯಿತು. ಗಾಲಿಕುರ್ಚಿಯನ್ನು ಮಡಿಸಿ ಬೀರುವಿನ ಪಕ್ಕಕ್ಕೆ ಸರಿಸಿದೆ. ನಮ್ಮವರ ಹಣೆ ಮುಟ್ಟಿ ನೋಡಿದೆ, ಆಮೇಲೆ ಥರ್ಮಾಮೀಟರು ಇಟ್ಟು ನೋಡಿದೆ. ತೊಂಬತ್ತೊಂಬತ್ತಕ್ಕೆ ಇಳಿದಿತ್ತು.

"ಕೆಲಸ ಕಲ್ತಿದ್ದಾನೆ, ಪರವಾಗಿಲ್ಲ" ಎಂದರು. ಆಮೇಲೆ, "ಇಲ್ಲಿ ಬಾ" ಎಂದರು.

ಮಂಚದ ತುದಿಗೆ ಕೂತೆ.

"ಇಷ್ಟು ವರ್ಷ ಅದನ್ನೇ ಹೊಟ್ಟೇಲಿಟ್ಕೊಂಡು ಕೊರಗಿದ್ದೀಯ. ಈಗ ಗೊತ್ತಾಯ್ತಲ್ಲ, ನಿನ್ನಿಂದ ಏನೂ ಆಗಿಲ್ಲ ಅಂತ?"

"ಗೊತ್ತಾಯ್ತು ಬಿಡಿ" ಎಂದೆ.

"ಹೊಲಿಗೆ ನೀನೇ ನೋಡಿದೆ ತಾನೇ?"

"ನೋಡಿದೆ."

ಅವರು ಮುಖ ನನ್ನ ಕಡೆಗೆ ತಿರುಗಿಸಿದರು. "ಬಿಟ್ಟಿತ್ತಾ?"

"ಪೂರ್ತಿ ಬಿಟ್ಟಿತ್ತು ರೀ" ಎಂದೆ. "ಒಂದು ಎಳೆ ಕೂಡ ಉಳಿದಿರಲಿಲ್ಲ."

ಅವರು ಹೂಂ ಎಂದರು. ಅವರ ಕಣ್ಣಿನಿಂದ ಇಳಿದ ನೀರು ಕಿವಿಯ ಕಡೆಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವರಿಗೆ ಕೈ ಬರುವುದಿಲ್ಲ, ಅದಕ್ಕೆ ನಾನು ಒರೆಸಿದೆ.