ಮದುಮಗನ ಮನೆತನ

ಕೊಕ್ಕೆ ಕಟ್ಟಿದ ಬಿದಿರಿನ ಗಳವನ್ನು ಎತ್ತಿ ಹಿಡಿದು ಚಿರಿಮಾಯಾ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತಿದ್ದಳು. ಅಂಗಳದ ಮೂಲೆಯ ಬಿಲ್ವದ ಮರದಲ್ಲಿ ಈ ಸಲ ಮಂಗಗಳು ಬಿಟ್ಟು ಉಳಿದದ್ದು ನಾಲ್ಕಾರು ಕಾಯಿ. ಅದರಲ್ಲಿ ಕಲೆಯಿಲ್ಲದ, ದುಂಡನೆಯ ಒಂದನ್ನು ಮಳೆಗಾಲದಲ್ಲೇ ಗೊತ್ತುಮಾಡಿ, ಹಳೆಯ ಸೀರೆಯ ಚೂರು ಸುತ್ತಿ ಕಾಪಾಡಿಕೊಂಡು ಬಂದಿದ್ದಳು. ನಾಡಿದ್ದು ಮೊಮ್ಮಗಳು ಜೆನಿಷಾಳ ಇಹಿ. ಮೈನೆರೆಯುವ ಮುಂಚೆ ಹುಡುಗಿಗೆ ಬಿಲ್ವದ ಕಾಯಿಯೊಡನೆ ಆಗಬೇಕಾದ ಮೊದಲ ಮದುವೆ.

ಗುಡ್ಡಗಳ ನಡುವಿನ ಕುಂಬಾರರ ಊರು ಠಿಮಿಯ ಚಳಿ ಈ ಮರಕ್ಕೆ ಒಗ್ಗುವಂಥದ್ದಲ್ಲ. ಮಾಘದ ಮಂಜಿಗೆ ಸುಟ್ಟು, ಬುಡದಿಂದ ಮತ್ತೆ ಚಿಗುರಿ, ಮತ್ತೆ ಸುಟ್ಟು, ಅದು ಆಳೆತ್ತರ ಬೆಳೆಯುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿದ್ದರು. ಪ್ರತಿ ಚಳಿಗಾಲವೂ ಅವಳು ಕಾಂಡಕ್ಕೆ ಹುಲ್ಲಿನ ಹಗ್ಗ ಸುತ್ತುತ್ತಿದ್ದಳು. ಗೂಡಿನಲ್ಲಿ ಮಡಕೆ ಸುಟ್ಟ ಬೂದಿಯನ್ನು ಬುಡಕ್ಕೆ ಹಾಕುತ್ತಿದ್ದಳು. ಮಗನ ಮೇಲೂ ಇಷ್ಟು ಜೀವ ಇಟ್ಟುಕೊಂಡಿರಲಿಲ್ಲ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು.

"ಅಂಜಿಲಾ, ಕೆಳಗೆ ಸೆರಗು ಹಿಡಿ ಬಾರೆ. ಕಾಯಿ ನೆಲಕ್ಕೆ ಬೀಳಬಾರದು."

ಬಿಸಿಲಿಗೆ ಇಟ್ಟ ಹಸಿ ಮಡಕೆಗಳನ್ನು ತಿರುಗಿಸುತ್ತಿದ್ದ ಮಗಳು ತಲೆ ಎತ್ತಲಿಲ್ಲ. "ಅತ್ತಿಗೇನ ಕರಿ."

"ನಿನ್ನ ಮಗಳ ಮದುವೆ ಕಣೆ."

"ಧಾರೆ ಎರೆಯೋರು ಅಣ್ಣ ಅತ್ತಿಗೆ ತಾನೆ. ಅವರೇ ಹಿಡೀಲಿ."

ಗಂಡ ತೀರಿಕೊಂಡ ಮೇಲಿನ ವರ್ಷದ ಬಿಳಿ ಸೀರೆ ಮುಗಿದು ತಿಂಗಳುಗಳಾಗಿದ್ದವು. ಅಂಜಿಲಾ ಇನ್ನೂ ಬೂದಿ ಬಣ್ಣದ್ದನ್ನೇ ಉಡುತ್ತಿದ್ದಳು. ಇಹಿಯಲ್ಲಿ ಮಗಳ ಪಕ್ಕದಲ್ಲಿ ಕೂರುವುದಿಲ್ಲ ಎಂದಿದ್ದಳು. ಬೇಡ ಎಂದು ಯಾರೂ ಹೇಳಿರಲಿಲ್ಲ. ಕೂರು ಎಂದು ತಾಯಿ ಬಿಟ್ಟರೆ ಬೇರೆ ಯಾರೂ ಹೇಳಿರಲಿಲ್ಲ.

"ನಮ್ಮಲ್ಲಿ ವಿಧವೆ ಅಂತ ಯಾರಿದ್ದಾರೆ?" ಚಿರಿಮಾಯಾ ಗಳ ಇಳಿಸಿದಳು. "ಮೊದಲ ಗಂಡ ಬಿಲ್ವ. ಅವನಿಗೆ ಸಾವಿಲ್ಲ."

"ನನ್ನದು ಒಡೆದುಹೋಯ್ತಲ್ಲಮ್ಮ." ಅಂಜಿಲಾಳ ಕೈ ಮಡಕೆಯ ಕಂಠದ ಮೇಲೆ ನಿಂತಿತು. "ನಾನೇ ಬೀಳಿಸಿದ್ದು. ನೆನಪಿಲ್ಲ ಅಂದ್ಕೊಂಡ್ಯಾ? ಅವನೂ ಹೋದ, ಇವರೂ ಹೋದರು."

ಇಹಿಯ ಕಾಯಿ ಒಡೆದ ಸಂಗತಿಯನ್ನು ಬಾಯಲ್ಲಿ ತರುವುದೇ ಅಪಶಕುನವೆಂದು ಅಂದು ಮುಚ್ಚಿಟ್ಟವಳು ಚಿರಿಮಾಯಾ. ಅದು ಇಷ್ಟು ವರ್ಷ ಇಬ್ಬರ ನಡುವೆ ಹಾಗೇ ಉಳಿದಿತ್ತು.

ಅಷ್ಟರಲ್ಲಿ ಚಿರಿಮಾಯಾಳ ಗಂಡನ ಅಕ್ಕ ನಾನಿಛೋರಿ ಊರುಗೋಲು ಕುಟ್ಟುತ್ತ ಒಳಬಂದಳು. ಮಡಕೆಗಳ ಸಾಲು ದಾಟಿ, ಮೆಟ್ಟಿಲ ಮೇಲೆ ಕೂತು, ಮರದ ಕಡೆ ಗದ್ದ ಎತ್ತಿದಳು.

"ಮದುಮಗ ಇನ್ನೂ ಇಳಿದಿಲ್ವೇನೇ ಚಿರಿ?"

"ಇಳಿಸ್ತಿದ್ದೀನಿ ಅತ್ತಿಗೆ."

"ಬಿಂಕ ನೋಡು ಅವನದು. ಶಾಲು ಬೇರೆ ಹೊದ್ಕೊಂಡಿದ್ದಾನೆ. ನಮ್ಮ ಯಜಮಾನರು ಮದುವೆಗೆ ಹರಿದ ಟೋಪಿ ಹಾಕ್ಕೊಂಡು ಬಂದಿದ್ದರು." ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಹೆಣ್ಣು ಕೊಡೋ ಮುಂಚೆ ಮನೆತನ ವಿಚಾರಿಸಿದ್ದೀಯೋ ಇಲ್ವೋ? ಅಪ್ಪ ಯಾರು, ಯಾವ ಊರು?"

ಚಿರಿಮಾಯಾಳೂ ನಗಲು ಹೊರಟಳು. ನಗು ಅರ್ಧದಲ್ಲೇ ನಿಂತಿತು. ಕೈಯ ಗಳ ಗೋಡೆಗೆ ಒರಗಿತು.

"ಯಾಕೆ ಸುಮ್ಮನಾದೆ?"

"ಅತ್ತಿಗೆ, ಈ ಮರ ಆ ಕಾಯಿಯ ಬೀಜದ್ದು."

"ಯಾವ ಕಾಯಿ?"

"ಅಂಜಿಲಾನ ಇಹಿದು. ಒಡೆದದ್ದು. ಹೊಳೆಗೆ ಬಿಡೋಕೆ ಮನಸ್ಸು ಬರಲಿಲ್ಲ. ಇಲ್ಲೇ ಹೂತಿದ್ದೆ."

ನಾನಿಛೋರಿ ಮರವನ್ನು ನೋಡಿದಳು, ಅಂಜಿಲಾಳನ್ನು ನೋಡಿದಳು. ಅವಳ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಅಲ್ಲ ಕಣೆ, ಹಂಗಾದ್ರೆ ಈ ಕಾಯಿ ಅಂಜಿಲಾನ ಮೊದಲ ಗಂಡನ ಮಗ. ಜೆನಿಷಾಗೆ ಅಣ್ಣ ಆಗಬೇಕು. ಅಣ್ಣನಿಗೆ ತಂಗೀನ ಕೊಡ್ತೀಯಾ?"

"ನನಗೆ ಹೊಳೀಲೇ ಇಲ್ಲ ಅತ್ತಿಗೆ. ಮರ ಅಂತ ಸಾಕಿದೆ."

"ಸಾಕಿದೆಯಂತೆ. ಮನೆ ಅಳಿಯನ್ನ ಇಷ್ಟು ವರ್ಷ ಅಂಗಳದಲ್ಲಿ ಚಳಿಗೆ ನಿಲ್ಲಿಸಿ." ಮುದುಕಿ ಎದ್ದಳು. "ಮಗನ್ನ ಅಸನ್ ಪೇಟೆಗೆ ಕಳಿಸು. ಬೇರೆ ಕಡೇ ಕಾಯಿ ತರಲಿ. ಪುರೋಹಿತರ ಕಿವಿಗೆ ಬೀಳೋದು ಬೇಡ."

ಅವಳು ಹೋದ ಮೇಲೆ ಅಂಗಳದಲ್ಲಿ ಇಬ್ಬರೇ. ಅಂಜಿಲಾ ಮಡಕೆಗಳನ್ನು ಮುಗಿಸಿ, ಕೈಯ ಜೇಡಿಯನ್ನು ತೊಳೆಯದೆ, ಮರದ ಹತ್ತಿರ ಬಂದು ನಿಂತಳು. ಮುಟ್ಟಲಿಲ್ಲ.

"ಯಾಕೆ ಹೇಳಲಿಲ್ಲ?"

"ಒಡೆದದ್ದು ಅಂತ ಹೆದರಿದ್ದೆ. ನೀನು ಅನ್ನ ಬಿಟ್ಟು ಅಳ್ತಿದ್ದೆ, ಗಂಡನ್ನ ಕೊಂದುಬಿಟ್ಟೆ ಅಂತ."

"ಆಗ ನೀನು ಏನಂದೆ?"

"ಮಲಗಿದ್ದಾನೆ, ಅಂದಿದ್ದೆ. ನೀನು ಸುಮ್ಮನಾಗಲಿ ಅಂತ."

ಸಂಜೆ ಅಣ್ಣ ಪೇಟೆಯಿಂದ ತಂದ ಕಾಯಿಯನ್ನು ಜೆನಿಷಾ ಮಡಿಲಲ್ಲಿಟ್ಟುಕೊಂಡು ಮನೆಯೆಲ್ಲ ತಿರುಗಿದಳು. ಬೀಳಿಸೀಯಾ, ಹುಷಾರು, ಎಂದು ಅಣ್ಣನ ಹೆಂಡತಿ ಕೂಗಿದಾಗ ಅಂಜಿಲಾ ಒಲೆಯ ಮುಂದಿನಿಂದಲೇ, "ಬಿಡಿ ಅತ್ತಿಗೆ," ಎಂದಳು. ಮರುದಿನವೆಲ್ಲ ಮನೆಗೆ ಬಂದ ನೆಂಟರಿಗೆ ಬಡಿಸಿದಳು. ಇಹಿಯಲ್ಲಿ ಕೂರುವ ಮಾತನ್ನು ತಾಯಿಯೂ ಎತ್ತಲಿಲ್ಲ.

ಇಹಿಯ ದಿನ ಬೆಳಗಾಗುವ ಹೊತ್ತಿಗೆ ಚಿರಿಮಾಯಾ ಅಂಗಳಕ್ಕೆ ಇಳಿದಳು. ಮಂಜು ಇನ್ನೂ ಹೆಂಚಿಗೆ ಅಂಟಿಕೊಂಡಿತ್ತು. ಬಿಲ್ವದ ಬುಡದ ಮಣ್ಣು ತೊಯ್ದಿತ್ತು. ಕಾಂಡದ ಮೇಲ್ಭಾಗದ ಹುಲ್ಲಿನ ಹಗ್ಗವನ್ನು ಯಾರೋ ಬಿಚ್ಚಿ, ಸುರುಳಿ ಮಾಡಿ ಪಕ್ಕಕ್ಕಿಟ್ಟಿದ್ದರು. ಬರಿದಾದ ತೊಗಟೆಯ ಮೇಲೆ, ಒಬ್ಬ ಹೆಂಗಸಿನ ಹಣೆಯೆತ್ತರದಲ್ಲಿ, ಸಿಂಧೂರ ಮೆತ್ತಿತ್ತು. ಇನ್ನೂ ಹಸಿಯಾಗಿತ್ತು.

ಮೇಲಿನ ಕಿಟಕಿಯಿಂದ ಜೆನಿಷಾಳ ದನಿ ಕೇಳಿಸಿತು. "ಅಮ್ಮ, ನೀನೂ ಕೆಂಪು ಸೀರೇನಾ?"

"ಅಲುಗಾಡಬೇಡ. ಜಡೆ ಸೊಟ್ಟಗಾಗುತ್ತೆ."

ಚಿರಿಮಾಯಾ ಹಗ್ಗದ ಸುರುಳಿಯನ್ನು ಎತ್ತಿಕೊಂಡಳು. ಚಳಿ ಇನ್ನೂ ಹೋಗಿರಲಿಲ್ಲ. ಮುಳ್ಳು ತಾಗದಂತೆ ಕೈ ಬಳಸಿ ಮತ್ತೆ ಸುತ್ತುತ್ತ ಬಂದಳು. ಆ ಕೆಂಪು ಬಂದಾಗ ಅದರ ಕೆಳಗೇ ಗಂಟು ಹಾಕಿ ನಿಲ್ಲಿಸಿದಳು.